ಮುಟ್ಟಾಳೆ: ಗಂಡಸರ ಹಳೆಯ ಟೋಪಿಗಳ ಗುರುತು ಮತ್ತು ಸಂಗ್ರಹ

ಮುಟ್ಟಾಳೆಯೆಂದರೆ ಅಡಿಕೆ ಹಾಳೆಯಿಂದ ಮಾಡಿದ, ಸುತ್ತ ಚಾಚಿದ ಅಂಚಿಲ್ಲದ, ನೆತ್ತಿಯ ಮೇಲೆ ಎತ್ತರಕ್ಕೆ ನಿಲ್ಲುವ ಟೋಪಿ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಜಿಲ್ಲೆಗಳ ಗದ್ದೆ ತೋಟಗಳಲ್ಲಿ ದುಡಿಯುವವರು ತಲೆಮಾರುಗಳ ಕಾಲ ತೊಟ್ಟಿದ್ದು ಇದನ್ನೇ. ತುಳುವರಿಗೆ ಇದು ಮುಟ್ಟಾಳೆ, ಕನ್ನಡ ಮನೆಮಾತಿನವರಿಗೆ ಹಾಳೆ ಟೊಪ್ಪಿ. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲೂ, ಗಡಿಯಾಚೆ ಉತ್ತರ ಕೇರಳದಲ್ಲೂ ಇದರ ದಾಯಾದಿಗಳಿವೆ. ಹಳೆಯ ಟೋಪಿಗಳನ್ನು ಕೂಡಿಡುವ ಹವ್ಯಾಸ ಜಗತ್ತಿನಾದ್ಯಂತ ಬೆಳೆದಿದ್ದು, ಅಂತರ್ಜಾಲದ ಹರಾಜುಕಟ್ಟೆಗಳಲ್ಲಿ ನೂರು ವರ್ಷದ ಉಣ್ಣೆಯ ಹ್ಯಾಟು, ಬೆಂಡಿನ ಶಿರಸ್ತ್ರಾಣಗಳಿಗೆ ಸದಾ ಗಿರಾಕಿಗಳಿದ್ದಾರೆ. ಆ ಹವ್ಯಾಸದ ಕಣ್ಣಿನಿಂದ ಕರಾವಳಿಯನ್ನು ನೋಡಿದರೆ ವಿಚಿತ್ರವೊಂದು ಕಾಣುತ್ತದೆ: ಅತಿ ಹೆಚ್ಚು ತಲೆಗಳ ಮೇಲಿದ್ದ ಟೋಪಿಯೇ ಸಂಗ್ರಹಗಳಲ್ಲಿ ಅತಿ ವಿರಳ. ಧಣಿಯ ಜರಿ ರುಮಾಲು ಪೆಟ್ಟಿಗೆಯಲ್ಲಿ ಉಳಿಯಿತು; ಒಕ್ಕಲಿನವನ ಮುಟ್ಟಾಳೆ ಹರಿದ ದಿನ ಗೊಬ್ಬರದ ಗುಂಡಿ ಸೇರಿತು.

ಹಾಳೆ, ಕತ್ತಿ, ದಬ್ಬಣ

ಹಾಳೆ ಸಿಗುವ ನೆಲಕ್ಕೊಂದು ಉದಾಹರಣೆ ಬಂಟ್ವಾಳ ತಾಲೂಕಿನ ವಾಮದಪದವು, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಿಗೆ ಸಮೀಪದ ಊರು. ಮೇಲೆ ಪದವು ಎಂಬ ಮುರಕಲ್ಲಿನ ಸಮತಟ್ಟು ಗುಡ್ಡ, ಇಳಿದರೆ ಬೈಲು ಎಂಬ ತಗ್ಗು. ಬೈಲಿನ ಗದ್ದೆಗಳಲ್ಲಿ ಹಲವು ಈಗ ಅಡಿಕೆ ತೋಟ. ಇದೇ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದ್ದು, 1972ರಲ್ಲಿ ಬಿಡುಗಡೆಯಾದ ‘ಮಂಗಳ’ ತಳಿ ಅಲ್ಲಿಯದೇ ಕೆಲಸ. ಟೋಪಿಯ ಕಥೆಗೆ ತಳಿಯ ಹೆಸರು ಯಾಕೆಂದರೆ, ಅಡಿಕೆ ಎಲ್ಲಿತ್ತೋ ಅಲ್ಲಿ ಹಾಳೆ ಪುಕ್ಕಟೆಯಾಗಿತ್ತು. ಚೆನ್ನಾಗಿ ಬೆಳೆದ ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ, ಪ್ರತಿ ಸೋಗೆಯ ಬುಡದಲ್ಲೂ ಒಂದು ಹಾಳೆ. ಅದೇ ಹಾಳೆ ಬೀಸಣಿಗೆಯಾಗುತ್ತಿತ್ತು, ಪಡಿಗೆಯಾಗುತ್ತಿತ್ತು, ಎಳೆಗೂಸನ್ನು ಮೀಯಿಸಲು ಮಲಗಿಸುವ ತೊಟ್ಟಿಯಾಗುತ್ತಿತ್ತು, ಮಕ್ಕಳನ್ನು ಕೂರಿಸಿ ಎಳೆಯುವ ಬಂಡಿಯೂ ಆಗುತ್ತಿತ್ತು.

ಟೋಪಿಗೆ ಬೇಕಾದದ್ದು ಬೇಸಿಗೆಯಲ್ಲಿ ಬಿದ್ದ, ಬೂಷ್ಟು ಹಿಡಿಯದ, ಅಗಲವಾದ ಹಾಳೆ. ಮಳೆಗಾಲದಲ್ಲಿ ನೆಲಕ್ಕೆ ಬಿದ್ದದ್ದು ಎರಡೇ ದಿನಕ್ಕೆ ಕಪ್ಪು ಚುಕ್ಕೆ ಹಿಡಿಯುವುದರಿಂದ ಅದನ್ನು ಬಿಡುತ್ತಾರೆ. ಒಣ ಹಾಳೆ ಬಗ್ಗಿಸಿದರೆ ಸೀಳುತ್ತದೆ, ಹಾಗಾಗಿ ಮೊದಲು ನೀರಿನಲ್ಲಿ ನೆನೆಹಾಕಬೇಕು. ಮೆತ್ತಗಾದ ಮೇಲೆ ಅಂಚುಗಳನ್ನು ಕತ್ತಿಯಿಂದ ಸವರಿ, ತೊಡುವವನ ತಲೆಯ ಸುತ್ತಳತೆಗೆ ಬಳಸಿ, ಮೇಲ್ಭಾಗವನ್ನು ಮಡಿಕೆ ಹಿಡಿದು ಮುಚ್ಚಿ, ದಬ್ಬಣದಿಂದ ತೂತು ಮಾಡಿ ನಾರಿನಿಂದಲೋ ಬಳ್ಳಿಯ ಸೀಳಿನಿಂದಲೋ ಹೊಲಿಯುತ್ತಾರೆ. ಬುಡದ ಸುತ್ತು ಬಿಗಿಯಾಗಿ ನಿಲ್ಲುವುದಕ್ಕೆ ಅಲ್ಲಿ ಮಡಿಕೆಯನ್ನು ಇಮ್ಮಡಿ ಮಾಡುವುದುಂಟು. ನೆರಳಲ್ಲಿ ಒಣಗಿದಾಗ ಹಾಳೆ ಆ ಆಕಾರವನ್ನೇ ಹಿಡಿದು ಗಟ್ಟಿಯಾಗುತ್ತದೆ. ಕಾರ್ಖಾನೆಯ ಹ್ಯಾಟಿಗೆ ಹಬೆ, ಮರದ ಅಚ್ಚು, ಅರಗಿನ ಗಂಜಿ ಬೇಕು. ಇಲ್ಲಿ ಅಚ್ಚು ತೊಡುವವನ ತಲೆಯೇ. ಆದ್ದರಿಂದ ಮುಟ್ಟಾಳೆಗೆ ಸೈಜು ನಂಬರ್ ಇಲ್ಲ, ಒಬ್ಬನದು ಇನ್ನೊಬ್ಬನಿಗೆ ಸರಿಯಾಗಿ ಕೂರುವುದೂ ಅಪರೂಪ.

ಕೆಲಸಕ್ಕೆ ಇದರಷ್ಟು ಒಗ್ಗುವ ಟೋಪಿ ಕರಾವಳಿಯ ಹವೆಗೆ ಬೇರೊಂದಿರಲಿಲ್ಲ. ಹಗುರ, ಬಿಸಿಲನ್ನು ತಡೆಯುತ್ತದೆ, ಮಳೆಹನಿಯನ್ನು ಜಾರಿಸುತ್ತದೆ. ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ ಹೊರುವಾಗ ನೆತ್ತಿಗೆ ಮೆತ್ತೆ. ಅಡಿಕೆ ಮರ ಹತ್ತುವವರಿಗೆ, ತಾಳೆ ತೆಂಗು ಹತ್ತಿ ಕಳ್ಳು ಇಳಿಸುವ ಮೂರ್ತೆದಾರರಿಗೆ ಮೇಲಿನಿಂದ ಉದುರುವ ಕಸ, ಇರುವೆ, ಚೊಗರು ಇವುಗಳಿಂದ ರಕ್ಷಣೆ.

ಇವೆಲ್ಲಕ್ಕಿಂತ ಮುಖ್ಯವಾದ ಬಳಕೆಯೊಂದು 20ನೇ ಶತಮಾನದಲ್ಲಿ ಸೇರಿಕೊಂಡಿತು. ಮಳೆಗಾಲದಲ್ಲಿ ಗೊನೆ ಕೊಳೆಸುವ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯುವ ವಿಧಾನವನ್ನು ರೂಢಿಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ, ಕೆನಡಾ ಮೂಲದ ಲೆಸ್ಲಿ ಕೋಲ್ಮನ್. ಕೊಳೆರೋಗದ ಬಗೆಗಿನ ಅವರ ವರದಿ 1910ರದು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಅಳತೆ ಇಂದಿಗೂ ತೋಟಗಾರರ ಬಾಯಲ್ಲಿದೆ. ಮಳೆ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ ಸುಮಾರು 40-45 ದಿನ ಬಿಟ್ಟು ಮತ್ತೊಮ್ಮೆ ಮದ್ದು ಬಿಡುವುದು ವಾಡಿಕೆ. ಮರದ ತಲೆಯಲ್ಲಿ ನಿಂತು ಗೊನೆಗೆ ಮದ್ದು ಬಿಡುವವನ ಮೈಮೇಲೆ ಅದು ಹನಿಯದೆ ಇರದು. ಮುಟ್ಟಾಳೆ ಆ ಹನಿಯನ್ನು ತಲೆಗೆ ಬೀಳದಂತೆ ತಡೆಯಿತು, ಮತ್ತು ಮುಂದೆ ನೋಡಲಿರುವಂತೆ, ಅದರ ಕಲೆಯನ್ನು ಸಂಗ್ರಾಹಕರಿಗೆ ಉಳಿಸಿಕೊಟ್ಟಿತು.

ಯಾರು ತೊಟ್ಟರು, ಯಾರೆದುರು ತೆಗೆದರು

ಟೋಪಿಯ ಚರಿತ್ರೆಯಲ್ಲಿ ಆಕಾರಕ್ಕಿಂತ ದೊಡ್ಡ ವಿಷಯ ಅದನ್ನು ತೆಗೆಯುವ ರೀತಿಯದು. ತುಳುನಾಡಿನ ಹಳೆಯ ಭೂಮಾಲಿಕ ವ್ಯವಸ್ಥೆಯಲ್ಲಿ ಗುತ್ತು, ಬೀಡುಗಳೆಂಬ ದೊಡ್ಡಮನೆಗಳ ಯಜಮಾನರಿಗೆ ರುಮಾಲು ಮುಂಡಾಸುಗಳಿದ್ದವು. ಗೇಣಿ ಒಕ್ಕಲು ಮತ್ತು ಕೂಲಿಯಾಳುಗಳಿಗೆ ಹಾಳೆ. ಧಣಿಯ ಅಂಗಳಕ್ಕೆ ಬಂದಾಗ ಮುಟ್ಟಾಳೆ ತಲೆಯಿಂದಿಳಿದು ಕಂಕುಳಿಗೋ ಕೈಗೋ ಬರಬೇಕು. ಧಣಿ ತನ್ನ ಮುಂಡಾಸನ್ನು ತೆಗೆಯುವುದು ದೈವದ ಮುಂದೆ ಮಾತ್ರ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ್ದು ದಕ್ಷಿಣ ಕನ್ನಡದಲ್ಲಿ ಎಲ್ಲೆಡೆಗಿಂತ ಆಳವಾಗಿ ತಟ್ಟಿತು. ಅದರ ಬೆನ್ನಿಗೆ ಈ ಟೋಪಿಯನ್ನು ಕಂಕುಳಿಗಿಳಿಸುವ ಶಿಸ್ತೂ ಸಡಿಲವಾಯಿತು. ಮುಂದಿನ ಪೀಳಿಗೆ ಮುಟ್ಟಾಳೆಯನ್ನೇ ಬಿಟ್ಟಿತು. ಪ್ಲಾಸ್ಟಿಕ್ ಟೋಪಿ ಅಗ್ಗವಾಯಿತೆಂಬುದು ಒಂದು ಕಾರಣ. ತಲೆಯ ಮೇಲೆ ಜಾತಿ-ಕೂಲಿಗಳ ಗುರುತು ಹೊತ್ತು ತಿರುಗುವುದು ಯಾರಿಗೂ ಬೇಡವಾಗಿತ್ತೆಂಬುದು ಅದಕ್ಕಿಂತ ಬಲವಾದ ಕಾರಣವಿರಬೇಕು.

ಕೊರಗ ಸಮುದಾಯದ ವಿಷಯದಲ್ಲಿ ಈ ಗುರುತು ಇನ್ನೂ ಕಟುವಾದದ್ದು. ಬುಟ್ಟಿ ಹೆಣೆಯುವ ಕುಶಲ ಕೈಗಳ ಈ ಸಮುದಾಯದ ಮೇಲೆ ಅಜಲು ಎಂಬ ಅವಮಾನಕರ ಆಚರಣೆಗಳನ್ನು ಹೇರಲಾಗಿತ್ತು. ಅದನ್ನು ನಿಷೇಧಿಸುವ ರಾಜ್ಯದ ಕಾನೂನು ಬಂದದ್ದು 2000ದಲ್ಲಿ. ಇಷ್ಟಿದ್ದೂ ಇದೇ ಸಮುದಾಯದಲ್ಲಿ ಹುಟ್ಟಿ ದೈವವಾದ ಕೊರಗಜ್ಜನ ಮೂರ್ತಿಗಳು ಮುಟ್ಟಾಳೆ ತೊಟ್ಟೇ ನಿಂತಿವೆ. ಎಲ್ಲ ಜಾತಿಯವರೂ ಆ ಕಟ್ಟೆಯ ಮುಂದೆ ಕೈಮುಗಿಯುತ್ತಾರೆ. ಪಾಡ್ದನಗಳೆಂಬ ತುಳು ಜನಪದ ಕಾವ್ಯಗಳ ವೀರರಾದ ಕೋಟಿ ಚೆನ್ನಯರೊಂದಿಗೂ ಜನ ಮುಟ್ಟಾಳೆಯನ್ನು ಸೇರಿಸಿಯೇ ನೋಡುತ್ತಾರೆ, ಆ ವೀರರ ಬಿಲ್ಲವ ಸಮುದಾಯಕ್ಕೆ ಅದು ಅಭಿಮಾನದ ಚಿಹ್ನೆ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜನೆಂಬ ವೇಷಕ್ಕೂ ತಾಳೆಗರಿಯ ಕೊಡೆಯ ಕೆಳಗೆ, ಕೇಪುಳ ಹೂ ಸಿಕ್ಕಿಸಿದ ಹಾಳೆಯ ಟೊಪ್ಪಿಯಿರುತ್ತದೆ.

ಈಗ ತುಳು ಸಮ್ಮೇಳನ, ಕಂಬಳ, ಆಟಿಯ ಕೂಟಗಳಲ್ಲಿ ಅತಿಥಿಗಳಿಗೆ ಮುಟ್ಟಾಳೆ ತೊಡಿಸಿ ಗೌರವಿಸುವುದು ಸಾಮಾನ್ಯವಾಗಿದೆ. ಮಂತ್ರಿಗಳು, ಸಿನಿಮಾ ನಟರು ಅದನ್ನು ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಗಳದಲ್ಲಿ ತೆಗೆಯಬೇಕಿದ್ದದ್ದನ್ನು ವೇದಿಕೆಯಲ್ಲಿ ತೊಡಿಸುವಂತಾಯಿತು. ಸಂಗ್ರಾಹಕರಿಗೆ ಇದರಿಂದ ಒಂದು ತೊಡಕು: ವೇದಿಕೆಗಾಗಿಯೇ ತಯಾರಾದ, ಒಂದೇ ಅಳತೆಯ, ನುಣುಪಾದ, ಕೆಲವೊಮ್ಮೆ ಬಣ್ಣ ಬಳಿದ ಮುಟ್ಟಾಳೆಗಳು ಸಾಕಷ್ಟಿವೆ, ಕೆಲಸದ ಮುಟ್ಟಾಳೆ ಮಾತ್ರ ಕಾಣುವುದಿಲ್ಲ.

ಒಂದೇ ಗೋಡೆಯ ಮೊಳೆಗಳಲ್ಲಿ

ಕರಾವಳಿಯ ಹಳೆ ಮನೆಗಳ ಚಾವಡಿಯಲ್ಲಿ ಮುಟ್ಟಾಳೆಯ ಜೊತೆಗೆ ಬೇರೆ ಶಿರವಸ್ತ್ರಗಳೂ ಸಿಗುತ್ತವೆ. ಬಂಟ್ವಾಳದಲ್ಲೇ ಹುಟ್ಟಿದ ಪಂಜೆ ಮಂಗೇಶರಾಯರ (1874-1937) ಕಾಲದ ವಕೀಲರು, ಮೇಷ್ಟರು, ಶಾನುಭೋಗರು ಕೋಟಿನ ಮೇಲೆ ರುಮಾಲು ಸುತ್ತುತ್ತಿದ್ದರು. ರುಮಾಲು ಎಂದರೆ ಉದ್ದನೆಯ ಬಟ್ಟೆ ಅಷ್ಟೆ. ಬಿಚ್ಚಿದ ಮೇಲೆ ಅದು ರುಮಾಲಾಗಿತ್ತೋ ಶಾಲಾಗಿತ್ತೋ ಹೇಳುವುದು ಕಷ್ಟ. ಸುತ್ತಿ ಹೊಲಿದಿಟ್ಟ ಮೈಸೂರು ಪೇಟಕ್ಕೆ ಆ ತೊಂದರೆಯಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಗಳಿಂದ ಎಲ್ಲರಿಗೂ ಪರಿಚಿತವಾದ ಈ ಜರಿ ಪೇಟ ಈಗ ಸನ್ಮಾನ ಸಭೆಯ ಸಾಮಗ್ರಿ, ಹಳೆಯದೆಂದು ಮಾರಾಟಕ್ಕಿಡುವವುಗಳಲ್ಲಿ ಬಹುಪಾಲು ಇಂಥ ಸನ್ಮಾನದವೇ. ಕರಾವಳಿಯಾಚೆ, ಕೊಡವರ ಮಂಡೆತುಣಿಯೆಂಬ ಮುಂಡಾಸು ಮದುವೆಗೂ ಹಬ್ಬಕ್ಕೂ ಜೀವಂತ. ಮಂಗಳೂರಿನ ಕ್ಯಾಥೊಲಿಕ್ ಹಿರಿಯರ ಉರ್ಮಾಲು ಹಳೆಯ ಮದುವೆ ಫೋಟೋಗಳಲ್ಲಿ ಉಳಿದಿದೆ. ಉತ್ತರ ಕರ್ನಾಟಕದ ಪಟಕವನ್ನು ಇಂದಿಗೂ ಜಾತ್ರೆಯಲ್ಲಿ ಸುತ್ತುತ್ತಾರೆ.

ಖಾದಿಯ ಬಿಳಿ ಟೋಪಿಗೆ ಪ್ರತ್ಯೇಕ ಮಾತು ಸಲ್ಲುತ್ತದೆ. ಅಸಹಕಾರ ಚಳವಳಿಯ ದಿನಗಳಲ್ಲಿ ಹಬ್ಬಿದ ಗಾಂಧಿ ಟೋಪಿ ಕರ್ನಾಟಕದಲ್ಲಿ ಬೇರೂರಿದ್ದು ಮುಖ್ಯವಾಗಿ ಬೆಳಗಾವಿ, ಧಾರವಾಡ, ವಿಜಯಪುರದ ಕಡೆ. ಅಲ್ಲಿನ ಹಳ್ಳಿಗಳ ಹಲವು ಹಿರಿಯರು ಈಗಲೂ ಅದಿಲ್ಲದೆ ಹೊಸ್ತಿಲು ದಾಟುವುದಿಲ್ಲ. ಮಂಗಳೂರಿಗೆ ಗಾಂಧೀಜಿ 1920, 1927, 1934ರಲ್ಲಿ ಬಂದಿದ್ದರೂ ಕರಾವಳಿಯ ಸೆಕೆಗೆ ಟೋಪಿ ಹೆಚ್ಚು ದಿನ ನಿಲ್ಲಲಿಲ್ಲ. ಮುಂಬಯಿಗೆ ಹೋಟೆಲು, ಗುಮಾಸ್ತಿಕೆಗೆ ಹೋದವರು ಕರಿ ಟೋಪಿ ತಂದರು. ಕಾಫಿ ತೋಟದ ದೊರೆಗಳು, ಸರ್ವೆ ಮತ್ತು ರಸ್ತೆ ಕೆಲಸದ ಎಂಜಿನಿಯರುಗಳು ತೊಟ್ಟದ್ದು ಜೌಗಿನಲ್ಲಿ ಬೆಳೆಯುವ ಶೋಲಾ ಗಿಡದ ಬೆಂಡಿನಿಂದ ಮಾಡಿ ಬಟ್ಟೆ ಹೊದಿಸಿದ ಸೋಲಾ ಟೋಪಿ. ಚಿಕ್ಕಮಗಳೂರು, ಕೊಡಗಿನ ಬಂಗಲೆಗಳಿಂದ ಗುಜರಿಗೆ ಬರುವ ಇವು ಹರಾಜಿನಲ್ಲಿ ಚೆನ್ನಾಗಿ ಓಡುತ್ತವೆ.

ಈ ಪಟ್ಟಿಗೆ ಇತ್ತೀಚೆಗೆ ಸೇರಿದ್ದು ಪೊಲೀಸ್ ಪೇದೆಗಳ ಸ್ಲೋಚ್ ಹ್ಯಾಟು. ಒಂದು ಬದಿ ಮೇಲೆ ಮಡಚಿದ ಆ ಟೋಪಿ ಮಳೆಯಲ್ಲಿ ನೆನೆದರೆ ಭಾರ, ಓಡಿದರೆ ಬೀಳುತ್ತದೆ ಎಂಬ ದೂರು ಬಹಳ ಹಳೆಯದು. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಅದರ ಬದಲು ಕಡುನೀಲಿ ಪೀಕ್ ಕ್ಯಾಪ್ ಕೊಡಲು ಆರಂಭಿಸಿತು. ಬಳಕೆ ತಪ್ಪಿದ ಸಮವಸ್ತ್ರದ ಟೋಪಿ ಸಂಗ್ರಾಹಕರಿಗೆ ಬೇಕಾಗುವುದು ಎಲ್ಲ ದೇಶಗಳ ಅನುಭವ. ಆದರೆ ಅದನ್ನು ಇಟ್ಟುಕೊಂಡವರು ತೊಟ್ಟು ಹೊರಗೆ ಹೊರಟು ಪೊಲೀಸರೆಂದು ಮೋಸ ಮಾಡಿದರೆ ಅದು ಅಪರಾಧ ಎಂಬುದು ನೆನಪಿರಬೇಕು.

ಚೀಟಿಯಿರುವ ಟೋಪಿ, ಚೀಟಿಯಿಲ್ಲದ ಟೋಪಿ

ಪಾಶ್ಚಾತ್ಯ ಹ್ಯಾಟಿನ ವಯಸ್ಸು ಕಂಡುಹಿಡಿಯುವುದು ಬಹುಮಟ್ಟಿಗೆ ಓದುವ ಕೆಲಸ. ಒಳಗಿನ ತೊಗಲು ಪಟ್ಟಿಯನ್ನು ಮೆಲ್ಲಗೆ ಹೊರಮಗುಚಿದರೆ ಅದರ ಹಿಂದೆ ಕಾಗದದ ಚೀಟಿಯಿರುತ್ತದೆ, ಚೀಟಿಯಲ್ಲಿ ಅಳತೆ ಮತ್ತು ತಯಾರಿಕೆಯ ಸಂಖ್ಯೆ. ಪಟ್ಟಿಯ ಮೇಲೆ ಚಿನ್ನದ ಅಚ್ಚಿನಲ್ಲಿ ಅಂಗಡಿಯ ಹೆಸರು, ನೆತ್ತಿಯ ರೇಷ್ಮೆ ಅಸ್ತರಿನ ಮೇಲೆ ತಯಾರಕರ ಲಾಂಛನ. ಲಂಡನ್ನಿನ ಲಾಕ್ ಅಂಗಡಿ 1676ರದು, ಇಟಲಿಯ ಬೋರ್ಸಲಿನೊ 1857ರದು, ಫಿಲಡೆಲ್ಫಿಯಾದ ಸ್ಟೆಟ್ಸನ್ 1865ರದು. ಈ ಹೆಸರುಗಳೇ ಖೋಟಾಗಳಲ್ಲೂ ಹೆಚ್ಚು ಕಾಣುವುದರಿಂದ ಹೆಸರೊಂದನ್ನೇ ನಂಬಿ ಕೊಳ್ಳಬಾರದು. ಅಮೆರಿಕದ ಟೋಪಿ ಕಾರ್ಮಿಕರ ಸಂಘಗಳು 1934ರಲ್ಲಿ ಒಂದಾದವು. ಆ ಒಕ್ಕೂಟದ ಚೀಟಿಯಿದ್ದರೆ ಹ್ಯಾಟು ಅದಕ್ಕಿಂತ ಈಚಿನದು. ವಿಳಾಸದಲ್ಲಿ ಐದಂಕಿಯ ಜಿಪ್ ಸಂಖ್ಯೆಯಿದ್ದರೆ 1963ರ ನಂತರದ್ದು.

ನಮ್ಮ ಟೋಪಿಗಳಿಗೂ ಇದೇ ಉಪಾಯ ನಡೆಯುತ್ತದೆ. ಕರಿ ಟೋಪಿಯ ಅಸ್ತರಿನಲ್ಲಿ ಅಂಗಡಿಯ ವಿಳಾಸಕ್ಕೆ ಆರಂಕಿಯ ಪಿನ್ ಕೋಡ್ ಇದೆಯೇ? ಪಿನ್ ಶುರುವಾದದ್ದು 1972ರ ಆಗಸ್ಟ್ 15ರಂದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು, ಅಥವಾ ಹಳೆಯ ಚೀಟಿಯ ದಾಸ್ತಾನನ್ನು ಅಂಗಡಿಯವನು ಇನ್ನೂ ಕೆಲವು ವರ್ಷ ತೀರಿಸಿದ್ದಾನೆ. ಮಂಗಳೂರು, ಬೆಂಗಳೂರುಗಳ ಇಂಗ್ಲಿಷ್ ಕಾಗುಣಿತ ಬದಲಾದದ್ದು 2014ರ ನವೆಂಬರಿನಲ್ಲಿ. ಖಾದಿ ಟೋಪಿಯಲ್ಲಿ ಖಾದಿ ಆಯೋಗದ ಹೆಸರಿದ್ದರೆ ಅದು 1957ರ ಈಚಿನದು. ಯಾವ ಚೀಟಿಯೂ ಇಲ್ಲದೆ, ಮನೆಯ ಹೊಲಿಗೆಯ, ನೂಲಿನ ಗಂಟುಗಳು ಎದ್ದು ಕಾಣುವ ಬಿಳಿ ಟೋಪಿ ಸಿಕ್ಕರೆ ಅದನ್ನೇ ಹೆಚ್ಚು ಎಚ್ಚರದಿಂದ ನೋಡಬೇಕು. ಮನೆಯಲ್ಲೇ ನೂತು ಹೊಲಿದ ಟೋಪಿಗೆ ಅಂಗಡಿಯ ಚೀಟಿ ಎಲ್ಲಿಂದ ಬರಬೇಕು!

ಮುಟ್ಟಾಳೆಗೆ ಇದಾವುದೂ ಇಲ್ಲ. ಅದನ್ನು ಕಲೆ, ಹೊಲಿಗೆ, ಸವಕಳಿಗಳಿಂದಲೇ ಓದಬೇಕು. ಹೊಸ ಹಾಳೆಯ ಬಣ್ಣ ಒಣಹುಲ್ಲಿನಂತೆ ತಿಳಿ; ಒಳಮೈ ನುಣುಪು, ಹೊರಮೈಯಲ್ಲಿ ಗೆರೆಗಳು ಸ್ಪಷ್ಟ. ಬಳಸಿದ ಮುಟ್ಟಾಳೆಯ ಬುಡದ ಸುತ್ತು ಬೆವರು ಮತ್ತು ತೆಂಗಿನೆಣ್ಣೆಯಿಂದ ಕಪ್ಪುಗೆಂಪಾಗಿರುತ್ತದೆ, ಅದೂ ಒಂದೇ ಸಮನಾಗಿ ಅಲ್ಲ. ಹಣೆಗೆ ತಾಗುವ ಕಡೆ ಗಾಢ, ಹಿಂದಲೆಯ ಕಡೆ ತೆಳು. ನೆತ್ತಿಯ ಮಡಿಕೆ ಹೊರೆ ಹೊತ್ತು ಚಪ್ಪಟೆಯಾಗಿ ನಾರು ಎದ್ದಿರುತ್ತದೆ. ಅಡಿಕೆಯ ಚೊಗರು ಬಿದ್ದಲ್ಲಿ ಒಗೆದರೂ ಹೋಗದ ಕಂದು ಮಚ್ಚೆ. ಅಡುಗೆಮನೆಯ ಅಟ್ಟದಲ್ಲೋ ಹೊಗೆಯಾಡುವ ಗೋಡೆಯಲ್ಲೋ ತೂಗಿದ್ದರೆ ಹೊರಮೈಗೆಲ್ಲ ಮಸಿಯ ತೆಳು ಲೇಪ, ಆದರೆ ಮಡಿಕೆಯ ಒಳಗಡೆ ಮೂಲದ ತಿಳಿಬಣ್ಣ ಉಳಿದಿರುತ್ತದೆ. ಹಳೆಯದೆಂದು ತೋರಿಸಲು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದ ಹಾಳೆಯಲ್ಲಿ ಬಣ್ಣ ಮಡಿಕೆಯೊಳಗೂ ನುಗ್ಗಿರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಮಡಿಕೆಯನ್ನು ಸ್ವಲ್ಪ ಸರಿಸಿ ನೋಡಿದರೆ ಗುಟ್ಟು ಬಯಲು.

ಎಲ್ಲಕ್ಕಿಂತ ಖಚಿತ ಸಾಕ್ಷಿ ನೀಲಿ. ಮದ್ದು ಬಿಡುವವನ ಮುಟ್ಟಾಳೆಯ ಮೇಲೆ ಬೋರ್ಡೋ ದ್ರಾವಣದ ಹನಿಗಳು ಒಣಗಿ, ತಿಳಿನೀಲಿ ಹುಡಿಯಾಗಿ ಹಾಳೆಯ ಗೆರೆಗಳ ನಡುವೆ ಕೂತಿರುತ್ತವೆ. ಮುಂಭಾಗದ ಇಳಿಜಾರಿನಲ್ಲಿ ಹನಿ ಹರಿದ ಗುರುತು ಮೇಲಿನಿಂದ ಕೆಳಕ್ಕೆ ಗೆರೆಗಟ್ಟಿ, ಬುಡದ ಮಡಿಕೆಯಲ್ಲಿ ಸುಣ್ಣದ ಬಿಳಿ ಪಟ್ಟೆಯಾಗಿ ನಿಂತಿರುತ್ತದೆ. ಹೊಲಿಗೆಯ ತೂತುಗಳ ಸುತ್ತ ಹಸಿರುಗಟ್ಟಿರುವುದೂ ಉಂಟು. ಅಂಥದು 1910ಕ್ಕಿಂತ ಬಹಳ ಹಿಂದಿನದಾಗಿರಲು ಸಾಧ್ಯವಿಲ್ಲ. ತೊಟ್ಟವನು ಗದ್ದೆಯಾಳಲ್ಲ, ಮರ ಹತ್ತುವ ಕಸುಬಿನವನೆಂಬುದೂ ಇದರಿಂದ ತಿಳಿಯುತ್ತದೆ. ಸರ್ಕಾರಿ ದಾಖಲೆಗಳು ಹೆಸರಿಸದ ಒಬ್ಬ ಕೆಲಸಗಾರನ ಬಗ್ಗೆ ಇಷ್ಟು ಹೇಳುವ ವಸ್ತು ಇನ್ನೊಂದು ಸಿಗುವುದು ಕಷ್ಟ. ಆದರೂ ಮಾರುವ ಮುಂಚೆ ಇದನ್ನು ತಿಕ್ಕಿ ತೊಳೆದು ‘ಕ್ಲೀನ್’ ಮಾಡುವವರೇ ಹೆಚ್ಚು.

ಹೊಲಿಗೆಯ ದಾರವೂ ಕಾಲ ಹೇಳುತ್ತದೆ. ನಾರು, ಬಳ್ಳಿ, ಬೆತ್ತದ ಸೀಳು ಹಳೆಯ ಪದ್ಧತಿ. ನೈಲಾನ್ ಅಥವಾ ಪ್ಲಾಸ್ಟಿಕ್ ದಾರ ಸ್ವಾತಂತ್ರ್ಯಾನಂತರದ್ದು. ಹಳೆಯ ತೂತುಗಳು ಬೇರೆ ಕಡೆ ಖಾಲಿ ಬಿದ್ದು, ಹೊಸ ದಾರ ಬೇರೆ ದಾರಿಯಲ್ಲಿ ಹೋಗಿದ್ದರೆ ಅದು ರಿಪೇರಿ, ಖೋಟಾ ಅಲ್ಲ. ವಯಸ್ಸಿನ ಬಗ್ಗೆ ಒಂದು ಮಾತು ಕಡ್ಡಾಯ: ಬಿಸಿಲು ಮಳೆಯಲ್ಲಿ ದಿನವೂ ತೊಟ್ಟ ಹಾಳೆ ಒಂದೆರಡು ವರ್ಷ ಬಂದರೆ ದೊಡ್ಡದು. ‘150 ವರ್ಷದ ಮುಟ್ಟಾಳೆ’ ಎಂದು ಯಾರಾದರೂ ಮಾರಾಟಕ್ಕಿಟ್ಟರೆ, ಅದು ಯಾರ ಮನೆಯಲ್ಲಿ, ಯಾಕೆ ಅಷ್ಟು ಕಾಲ ಬಳಸದೆ ಇಟ್ಟಿದ್ದರು ಎಂಬುದಕ್ಕೆ ಮೊದಲು ಉತ್ತರ ಕೊಡಬೇಕು. ಉತ್ತರವಿಲ್ಲದಿದ್ದರೆ ಅದನ್ನು ಕಳೆದ ಐವತ್ತು ವರ್ಷಗಳದ್ದೆಂದು ಭಾವಿಸುವುದೇ ಕ್ಷೇಮ.

ಹರಾಜುಕಟ್ಟೆಯಲ್ಲಿ

ಭಾರತದಲ್ಲಿ ಈಬೇ ತನ್ನ ದೇಶೀಯ ತಾಣವನ್ನು 2018ರ ಆಗಸ್ಟಿನಲ್ಲಿ ಮುಚ್ಚಿತು. ಆಮೇಲೆ ಇಲ್ಲಿನ ಸಂಗ್ರಾಹಕರ ಕೊಡುಕೊಳ್ಳುವಿಕೆ ವಿದೇಶಿ ತಾಣಗಳು, ಓಎಲ್ಎಕ್ಸ್, ಫೇಸ್‌ಬುಕ್ ಮತ್ತು ವಾಟ್ಸ್‌ಆ್ಯಪ್ ಬಳಗಗಳ ನಡುವೆ ಹಂಚಿಹೋಯಿತು. ಇಲ್ಲಿನ ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಹೋಗುವ ಸೋಲಾ ಟೋಪಿ ಲಂಡನ್ನಿನ ಪಟ್ಟಿಯಲ್ಲಿ ‘ರಾಜ್ ಕಾಲದ್ದು’ ಎಂದು ಕಾಣಿಸಿಕೊಳ್ಳುವುದುಂಟು. ಅಂಥ ಶಿರಸ್ತ್ರಾಣದಲ್ಲಿ ಸರ್ಕಾರಿ ಬಾಣದ ಗುರುತು ಮತ್ತು ವರ್ಷದ ಅಚ್ಚು ಇದ್ದರೆ ಅದು ಸೈನ್ಯದ ಸರಬರಾಜು, ಇಲ್ಲದಿದ್ದರೆ ಬಹುಶಃ ನಾಗರಿಕರದು. ನಾಟಕ ಕಂಪನಿಗಳ ‘ದೊರೆ’ಯ ಪಾತ್ರಕ್ಕೆ ಮಾಡಿಸಿದ್ದೂ ಇರಬಹುದು. ಬೆಂಡಿನ ಬದಲು ರಟ್ಟು ಅಥವಾ ಥರ್ಮಾಕೋಲು ಒಳಗಿದೆಯೇ ಎಂದು ತಿಳಿಯಲು ಅಂಚನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. ಪರದೆಯ ಮೇಲೆ ಒತ್ತಿ ನೋಡಲಾಗದು. ತೂಕ ಎಷ್ಟು ಗ್ರಾಂ ಎಂದು ಮಾರುವವರನ್ನು ಕೇಳಬಹುದು, ಅಂಚಿನ ಬಟ್ಟೆ ಹರಿದ ಜಾಗದ ಹತ್ತಿರದ ಫೋಟೋ ಕೇಳಬಹುದು.

ಫೋಟೋದಲ್ಲಿ ಟೋಪಿಯ ಹೊರಮೈ ಹತ್ತು ಕೋನಗಳಿಂದ ತೋರಿಸಿ ಒಳಮೈ ಒಮ್ಮೆಯೂ ತೋರಿಸದವರಿಂದ ಕೊಳ್ಳದಿರುವುದು ಜಾಣತನ. ಅಳತೆಯಲ್ಲೂ ಮೋಸಹೋಗುವುದು ಸುಲಭ. ಒಳಸುತ್ತು 57 ಸೆಂಟಿಮೀಟರ್ ಇರುವ ತಲೆಗೆ ಇಂಗ್ಲೆಂಡಿನ ಚೀಟಿ 7 ಎಂದರೆ ಅಮೆರಿಕದ ಚೀಟಿ ಏಳೂ ಎಂಟನೇ ಒಂದು ಎನ್ನುತ್ತದೆ. ಹಳೆಯ ಉಣ್ಣೆ ಕುಗ್ಗಿರುವುದರಿಂದ ಚೀಟಿಗಿಂತ ಟೇಪಿನ ಅಳತೆಯನ್ನೇ ಕೇಳಬೇಕು.

ಮುಟ್ಟಾಳೆ ಇಂಥ ತಾಣಗಳಲ್ಲಿ ಬರುವುದು ‘ಬುಡಕಟ್ಟು ಟೋಪಿ’, ‘ತಾಳೆಗರಿ ಟೋಪಿ’ ಮುಂತಾದ ತಪ್ಪು ಹೆಸರುಗಳಲ್ಲಿ. ಅಸ್ಸಾಮಿನ ಜಾಪಿಯ ಜೊತೆ ಬೆರೆತು ಪಟ್ಟಿಯಾಗುವುದೂ ಇದೆ. ಜಾಪಿ ಬಿದಿರಿನ ಹೆಣಿಗೆ, ಸುತ್ತ ಅಗಲವಾದ ಅಂಚು. ಮುಟ್ಟಾಳೆಯಲ್ಲಿ ಹೆಣಿಗೆಯೇ ಇಲ್ಲ, ಒಂದು ಹಾಳೆಯ ಮಡಿಕೆ ಮಾತ್ರ. ಬೆನ್ನನ್ನೂ ಮುಚ್ಚುವ ಗೊರಬನ್ನು ಟೋಪಿಯೆಂದು ಮಾರುವವರಿದ್ದಾರೆ. ಅದು ನಾಟಿಯ ಹೊತ್ತಿನ ಮಳೆಗಾಪು, ಹೆಚ್ಚಾಗಿ ಹೆಂಗಸರು ಬಳಸಿದ್ದು.

ಕಾನೂನಿನ ಕಡೆಯಿಂದ ಎರಡು ವಿಷಯ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ ಅಥವಾ ಕರಕುಶಲದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಜರಿ ಪೇಟವನ್ನು ‘ನೂರಿಪ್ಪತ್ತು ವರ್ಷದ್ದು’ ಎಂದು ಹೊಗಳಿ ವಿದೇಶಕ್ಕೆ ಮಾರುವವರು ತಮ್ಮ ಹೊಗಳಿಕೆಯಿಂದಲೇ ಸಿಕ್ಕಿಬೀಳಬಹುದು. ಕಾಡುಪ್ರಾಣಿಯ ಚರ್ಮ, ರಕ್ಷಿತ ಹಕ್ಕಿಯ ಗರಿ ಇರುವ ಟೋಪಿಗೆ ಅದೇ ವರ್ಷದ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಎಲ್ಲಿದೆ, ಹೇಗೆ ಉಳಿಸುವುದು

ತುಳುನಾಡಿನ ನಿತ್ಯಬಳಕೆಯ ವಸ್ತುಗಳಿಗೆ ಮೊದಲು ನೆನೆಯಬೇಕಾದ ಸಂಗ್ರಹ ಬಂಟ್ವಾಳ ತಾಲೂಕಿನಲ್ಲೇ ಇದೆ. ಬಿ.ಸಿ.ರೋಡಿನ ಸಂಚಯಗಿರಿಯಲ್ಲಿ ಇತಿಹಾಸದ ಪ್ರಾಧ್ಯಾಪಕ ತುಕಾರಾಂ ಪೂಜಾರಿ ಕಟ್ಟಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಉಳುವ, ಅಳೆಯುವ, ಅಡುವ, ಬೆಳಗುವ ಸಾಧನಗಳನ್ನು ಊರೂರು ಅಲೆದು ಕೂಡಿಹಾಕಿದ ಕೆಲಸ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಮಂಜೂಷಾ ವಸ್ತುಸಂಗ್ರಹಾಲಯವಿದೆ. ದೂರದಲ್ಲಿ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ. ಇಂಥ ಕಡೆ ಟೋಪಿ ಕೊಡುವವರು ವಸ್ತುವಿನ ಜೊತೆ ತೊಟ್ಟವರ ಊರು, ಕಸುಬು, ಸುಮಾರು ಇಸವಿ, ಕಟ್ಟಿದವರು ಯಾರು ಎಂಬ ನಾಲ್ಕು ಸಾಲು ಬರೆದುಕೊಟ್ಟರೆ ಅದರ ಬೆಲೆ ಹತ್ತು ಪಟ್ಟು. ಹರಾಜಿನಲ್ಲಿ ಕಳೆದುಹೋಗುವುದು ಈ ನಾಲ್ಕು ಸಾಲೇ. ಮಾರುವವನಿಗೆ ಅದು ಗೊತ್ತಿರುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ.

ಮುಟ್ಟಾಳೆ ಕಟ್ಟುವವರೂ ವಿರಳವಾಗುತ್ತಿದ್ದು, ಅದಕ್ಕೆ ತೋಟದಲ್ಲೇ ಕಾರಣಗಳಿವೆ. ಹಾಳೆ ಈಗ ಪುಕ್ಕಟೆಯಲ್ಲ, ತಟ್ಟೆ ಮಾಡುವ ಯಂತ್ರದವರು ಲೆಕ್ಕ ಮಾಡಿ ಹಣ ಕೊಟ್ಟು ಒಯ್ಯುತ್ತಾರೆ. ಮರ ಹತ್ತುವ ಬದಲು ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಗೊನೆ ಕೊಯ್ಯುವುದು, ಮದ್ದು ಬಿಡುವುದು ಬಂಟ್ವಾಳ, ಬೆಳ್ತಂಗಡಿಯ ತೋಟಗಳಿಗೂ ಬಂದಿದೆ. ತಲೆಗೆ ಹೆಲ್ಮೆಟ್ಟೋ ರೈನ್‌ಕೋಟಿನ ಮುಸುಕೋ ಸಾಕಾಗುತ್ತದೆ.

ಉಳಿದಿರುವ ಮುಟ್ಟಾಳೆಗೆ ಕರಾವಳಿಯ ಮಳೆಗಾಲವೇ ದೊಡ್ಡ ಶತ್ರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಬೂಷ್ಟಾಗುತ್ತದೆ. ಒಗೆದ ಹತ್ತಿ ಬಟ್ಟೆಯನ್ನು ಉಂಡೆ ಮಾಡಿ ಒಳಗೆ ತುಂಬಿ ಆಕಾರ ಉಳಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ, ನೆಲದಿಂದ ಎತ್ತರದಲ್ಲಿ ಇಡುವುದು ಒಳ್ಳೆಯದು. ಕುಟ್ಟೆ ಹುಳದ ಹುಡಿ ಕಂಡರೆ ಆ ಪೆಟ್ಟಿಗೆಯನ್ನು ಉಳಿದವುಗಳಿಂದ ಬೇರೆ ಮಾಡಬೇಕು. ಬೂಷ್ಟು ಬಂದರೆ ಹೊರಗೆ ಕೂತು ಒಣ ಕುಂಚದಿಂದ ತೆಗೆಯಬೇಕು, ನೀಲಿ ಹುಡಿಯಿರುವ ಮುಟ್ಟಾಳೆಯಾದರೆ ಆ ಭಾಗವನ್ನು ಮುಟ್ಟದೆ. ಮೈಲುತುತ್ತು ವಿಷ, ಮುಟ್ಟಿದ ಮೇಲೆ ಕೈ ತೊಳೆಯುವುದು ಕಡ್ಡಾಯ. ಒಣಗಿ ಬಿರುಸಾದ ಹಾಳೆಯನ್ನು ಬಿಡಿಸಿ ನೋಡುವ ಆಸೆಯಿಂದ ಮತ್ತೆ ನೀರಿಗೆ ಹಾಕಿದರೆ ನೀಲಿ ಹುಡಿ, ಮಸಿ, ಎಣ್ಣೆಯ ಗುರುತುಗಳೆಲ್ಲ ತೊಳೆದುಹೋಗಿ ಹಾಳೆಯಷ್ಟೇ ಕೈಗೆ ಬರುತ್ತದೆ.